ಒಂಬತ್ತನೆಯ ಸಾಲಿನಲ್ಲಿ

ಗಾಡಿ ನಿಲ್ಲಿಸು, ಲಮಾರ್. ಒಂದು ಚಕ್ರ ಕಿರುಗುಟ್ಟುತ್ತೆ;
ಇಡೀ ಅಂಗಡಿಗೆ ಕೇಳಲಿ ಅಂತಲೇ ನನಗೆ ಇಂಥದ್ದು ಸಿಗುತ್ತೆ.
ಎಡಕ್ಕೆ ಉಪ್ಪಿನಲ್ಲಿಟ್ಟ ಸೌತೆ,
ಬಲಕ್ಕೆ ನೆಲದಿಂದ ನೆತ್ತಿಯವರೆಗೆ ಬಾರ್ಬೆಕ್ಯೂ ಸಾಸು.
ನಾಳೆ ಜುಲೈ ನಾಲ್ಕು. ಕಾನ್ಸಸ್ ಸಿಟಿಯ ಅರ್ಧ ಊರು
ಆಗಲೇ ಇಲ್ಲಿಗೆ ಬಂದು ಹೋಗಿದೆ,
ಹಲ್ಲು ಬಿದ್ದ ಬಾಯಿಯ ಹಾಗೆ ಕಪಾಟು.

ಚಿತ್ರ ನೋಡಿ ಕೈ ಹಾಕಬೇಡ.
ಹ್ಯಾಟು ಹಾಕಿದ ಆ ಮೀಸೆಯ ಅಜ್ಜ
ಯಾವ ಒಲೆಯ ಮುಂದೆಯೂ ಕೂತವನಲ್ಲ;
ಬೂದಿ ಕಂಡಿದ್ದರೆ ಅಷ್ಟು ಬಿಳಿ ಅಂಗಿ ತೊಡುತ್ತಿದ್ದನೆ?
ಶೀಸೆ ತಿರುಗಿಸು, ಹಿಂದಿನ ಸಣ್ಣಕ್ಷರ ಓದು,
ನನ್ನ ಕಣ್ಣಿಗೆ ಅದು ಬರೀ ಇರುವೆ ಸಾಲು.
ಮೊದಲ ಮಾತೇ ಜೋಳದ ಪಾಕವೆ?
ಇಟ್ಟುಬಿಡು. ಬಾಗಿಲಲ್ಲೇ ಸಕ್ಕರೆ ಸುರಿಯುವ ನೆಂಟನನ್ನ
ಒಳಗೆ ಕರೆಯುತ್ತಾರೆಯೆ?
ಪಕ್ಕದ್ದು? ಟೊಮೇಟೊ, ಆಮೇಲೆ ವಿನೆಗರ್, ಆಮೇಲೆ ಕಾಕಂಬಿ.
ಹ್ಞಾಂ, ಇವರು ಮನೆತನಸ್ಥರು. ಕೆಳಗೆ ಇನ್ನೇನು?
ಹೊಗೆಯ ಸಾರವಂತೆ! ನಗಬೇಡ,
ಕಟ್ಟಿಗೆ ಸುಡದೆ ಹೊಗೆ, ಕಣ್ಣು ಉರಿಯದೆ ಅಳು.
ಪಟ್ಟಿಯ ಕೊನೆಗಿದ್ದರೆ ಇರಲಿ ಪಾಪ.

ಈಗ ತಲೆಕೆಳಗು ಮಾಡು. ಗುಳ್ಳೆಯನ್ನ ನೋಡು.
ಸರ್ರನೆ ಏರಿದರೆ ನೀರು, ಮೂಳೆಯ ಮೇಲೆ ನಿಲ್ಲದೆ
ತಟ್ಟೆಗಿಳಿದು ಬ್ರೆಡ್ಡು ನೆನೆಸುತ್ತೆ.
ಏರದೆ ಕೂತರೆ ಗೋಂದು, ಕೆಂಡ ತಾಗಿದರೆ ಕರಕಲು.
ಭಾನುವಾರ ಮೆಟ್ಟಿಲು ಹತ್ತುವ ಡೀಕನ್ ಟಾಲಿವರ್ ಇಲ್ಲವೆ,
ಅವಸರವಿಲ್ಲ, ಆದರೂ ಹಾಡು ಶುರುವಾಗೋ ಹೊತ್ತಿಗೆ ಒಳಗೆ,
ಹಾಗೆ ಏರಬೇಕು.

ಯಾರು ಹೇಳಿಕೊಟ್ಟರು ಅಂತೀಯ?
ನಿನ್ನ ದೊಡ್ಡಪ್ಪ ಕ್ಲಿಯೋಥಾ ಅಲ್ಲ.
ಅವರಿಗೆ ಮಾಂಸ ಗೊತ್ತಿತ್ತು,
ಹಿಕರಿ ಕೊರಡಿನ ಹಸಿ ಯಾವುದು ಒಣ ಯಾವುದು ಗೊತ್ತಿತ್ತು,
ಹದಿನಾಲ್ಕು ತಾಸು ನಿದ್ದೆಗೆಟ್ಟು ಕಾಯೋದು ಗೊತ್ತಿತ್ತು.
ಸಾಸು ಗೊತ್ತಿರಲಿಲ್ಲ.
ಹತ್ತಿರ ಬಾ,
ಬೆಲೆ ಅಂಟಿಸುತ್ತಾ ಆ ಹುಡುಗಿ ಕಿವಿ ಇತ್ತ ಇಟ್ಟಿದ್ದಾಳೆ.

ಪ್ರಾಸ್ಪೆಕ್ಟ್ ರಸ್ತೆಯ ನಮ್ಮ ಗೂಡಂಗಡಿಗೆ
ಅಜ್ಜಿಯ ಗುಟ್ಟಿನ ಸಾಸು ಅಂತ ಹಲಗೆ ಬರೆಸಿದ್ದರಲ್ಲ,
ಇಪ್ಪತ್ತೆರಡು ವರ್ಷ ತೂಗಿತಲ್ಲ,
ಅದು ಅಂಗಡಿಯದು.
ಮಂಗಳವಾರ ಎರಡು ಬಸ್ಸು ಬದಲಿಸಿ
ನನ್ನ ಮುಖ ಯಾರೂ ಕಾಣದ ಬಡಾವಣೆಗೆ ಹೋಗಿ
ಎರಡು ಡಜನ್ ತರುತ್ತಿದ್ದೆ.
ಖಾಲಿ ಶೀಸೆ ಕಸದಲ್ಲಿ ಕಂಡರೆ ಓಣಿ ಸುಮ್ಮನಿರುತ್ತಾ?
ರಾತ್ರಿ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಲೇಬಲ್ಲು ಕೀಳುತ್ತಿದ್ದೆ,
ಬುಧವಾರವಿಡೀ ಉಗುರ ಸಂದಿಯಲ್ಲಿ ಅಂಟು.
ಮೇಲೆ ಅರ್ಧ ಲೋಟ ಆರಿದ ಕಾಫಿ,
ಮಾಂಸ ತೊಟ್ಟಿಕ್ಕಿದ ಜಿಡ್ಡು, ಕುಟ್ಟಿದ ಕರಿಮೆಣಸು.
ಅಜ್ಜಿ ಅಂದರೆ ಇಷ್ಟೇ.

ಒಂದು ಶನಿವಾರ ರೋಸ್ಕೋ ಪೆಟಿಫರ್ಡ್ ಬಂದ,
ಅದೇ ಸಾಸಿನ ಕಾರ್ಖಾನೆಯ ಲಾರಿ ಓಡಿಸೋನು.
ಪಕ್ಕೆಲುಬು ಕಚ್ಚಿದ. ಅಗಿಯೋದು ನಿಲ್ಲಿಸಿದ.
ಕಿಟಕಿಯೊಳಗೆ ನನ್ನನ್ನೇ ನೋಡಿದ.
ನನ್ನ ಕೈಯ ಸೌಟು ಕೈಯಲ್ಲೇ.
“ಅಮ್ಮಾ, ನಿಮ್ಮ ಅಜ್ಜೀನ ಎಲ್ಲೋ ನೋಡಿದ ಹಾಗಿದೆ,” ಅಂದ,
ಇನ್ನೆರಡು ಬ್ರೆಡ್ಡು ಕೇಳಿದ.
ಸಾಯೋತನಕ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.
ಅವನ ಮಣ್ಣಿಗೆ ನಾನು ಒಂದು ಇಡೀ ಪಾತ್ರೆ ಕಳಿಸಿದೆ.

ಆ ಶೀಸೆಯೆ? ಈಗ ಬರಲ್ಲ ಮಗು.
ಕಾರ್ಖಾನೆ ಮಾರಿದರು. ಹೆಸರು ಅದೇ,
ಒಳಗೆ ಬೇರೆ ಯಾರೋ ಸಂಸಾರ ಮಾಡುತ್ತಿದ್ದಾರೆ.
ಮಂಡಿಯ ಎತ್ತರದ ಹಲಗೆ ನೋಡು,
ಕಣ್ಣಿನ ಮಟ್ಟಕ್ಕೆ ಕೂತವರು ಬಾಡಿಗೆ ಕೊಟ್ಟು ಕೂತವರು.
ಅದೋ, ಮೂಲೆಯಲ್ಲಿ, ಹೆಗಲಿಗೆ ಧೂಳು ಹಿಡಿದದ್ದು.
ಬಗ್ಗು, ನನಗಾಗಲ್ಲ. ತಿರುಗಿಸು. ಓದು.
ಹ್ಞೂಂ. ತಲೆಕೆಳಗು ಮಾಡು.
ತಾಳು,
ತಾಳು,
ನೋಡು, ಡೀಕನ್ ಬಂದರು.

ಎರಡು ತಗೋ. ಒಂದು ಬೀಳಿಸುತ್ತೀಯ, ನಿನ್ನ ಕೈ ನನಗೆ ಗೊತ್ತು.
ನಾಳೆ ಲೇಬಲ್ಲು ಕೀಳಬೇಡ,
ಮೇಜಿನ ನಡುವೆ ಹಾಗೇ ಇಡು, ಎಲ್ಲರೂ ನೋಡಲಿ,
ನನಗೆ ಎಂಬತ್ತೊಂದಾಯಿತು.
ಏನು ಬೆರೆಸಿದ್ದೀರಿ ಅಂತ ಯಾರಾದರೂ ಕೇಳಿದರೆ
ಜಿಡ್ಡು ಹೇಳು, ಮೆಣಸು ಹೇಳು,
ಕಾಫಿ ಮಾತ್ರ ಹೇಳಬೇಡ.